ಅರ್ಧಕ್ಕೆ ನಿಂತ ಸ್ಕೀ ಗೇಮ್: ದೋಷ ಹುಡುಕುವ ಕೈಪಿಡಿ

ಈ ಗೇಮ್ ಮುಗಿದಿಲ್ಲ. ಸದ್ಯಕ್ಕೆ ಮುಗಿಯುವ ಲಕ್ಷಣವೂ ಇಲ್ಲ. ಒಂದು ಬೆಟ್ಟ, ಒಬ್ಬ ಸ್ಕೀಯರ್, ಒಂದಿಷ್ಟು ಮರ, ಹಾರಲು ಎರಡು ದಿಬ್ಬ, ಅಷ್ಟೇ. ಅಂಕ ಇಲ್ಲ, ಗೆಲುವು ಸೋಲು ಇಲ್ಲ. ರಾತ್ರಿ ಹೊತ್ತು ಮತ್ತು ರಜೆ ದಿನ ಕೂತು ಬರೆದ ಕೋಡ್ ಇದು. ಸ್ಕೀ ಜಾರುವ ಅನುಭವ ಕಂಪ್ಯೂಟರಿನಲ್ಲಿ ಸರಿಯಾಗಿ ಬರುತ್ತದಾ ಅಂತ ನೋಡಲು ಶುರು ಮಾಡಿದ ಪ್ರಯೋಗ. ಈಗ ಇಬ್ಬರು ಮೂವರು ಗೆಳೆಯರು ಕೋಡ್ ತೆಗೆದುಕೊಂಡು ಮುಂದುವರಿಸುತ್ತೇವೆ ಅನ್ನುತ್ತಿದ್ದಾರೆ. ಅವರ ಕೈಗೆ ಕೊಡುವ ಮುಂಚೆ, ಎಲ್ಲಿ ಏನು ಕೆಡುತ್ತದೆ, ಕೆಟ್ಟರೆ ಎಲ್ಲಿಂದ ಹುಡುಕಬೇಕು ಅಂತ ಬರೆದಿಡುತ್ತಿದ್ದೇನೆ. ಸ್ವಂತದ್ದೊಂದು ಸ್ಕೀ ಅಥವಾ ಸ್ನೋಬೋರ್ಡ್ ಗೇಮ್ ಬರೆಯುವವರಿಗೂ ಇದರ ಬಹುಪಾಲು ಹಾಗೇ ಹೊಂದುತ್ತದೆ.

ಮೊದಲು ನನ್ನ ದಡ್ಡತನದ ಕಥೆ. ಬೆಟ್ಟದ ಮೇಲೆ ಸ್ಕೀಯರ್ ವಿಪರೀತ ಜಾರುತ್ತಿದ್ದ. ಹಿಮದ ಘರ್ಷಣೆ ಕಮ್ಮಿಯಾಯಿತು ಅಂದುಕೊಂಡು 0.05 ಇದ್ದ ಅಂಕಿಯನ್ನು 0.08 ಮಾಡಿದೆ. ಸಾಲಲಿಲ್ಲ. 0.12 ಮಾಡಿದೆ. ಈಗ ಸಪಾಟು ಜಾಗದಲ್ಲಿ ಗೋಂದಿನಲ್ಲಿ ಸಿಕ್ಕಿದವನ ಹಾಗೆ ನಿಂತುಬಿಡುತ್ತಾನೆ, ಇಳಿಜಾರಿನಲ್ಲಿ ಮಾತ್ರ ಮತ್ತೆ ಅದೇ ಜಾರಾಟ. ಹೀಗೆ ಎರಡು ವಾರ ಕಳೆದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಹಿಮ ಸರಿಯಾಗೇ ಇತ್ತು. ಸ್ಕೀಯರ್ ಹಿಮದ ಮೇಲೆ ಇರಲೇ ಇಲ್ಲ, ಅರ್ಧಕ್ಕರ್ಧ ಹೊತ್ತು ಅದರಿಂದ ಒಂದೆರಡು ಸೆಂಟಿಮೀಟರ್ ಮೇಲೆ ತೇಲುತ್ತಿದ್ದ. ಗಾಳಿಯಲ್ಲಿರುವವನಿಗೆ ಘರ್ಷಣೆ ಎಷ್ಟಿದ್ದರೇನು?

ಹಾಗಾಗಿ ಈ ಕೈಪಿಡಿಯ ಕ್ರಮ ಹೀಗಿದೆ: ಮೊದಲು ಸಮಯ, ಆಮೇಲೆ ನೆಲ, ಆಮೇಲೆ ತಿರುವು. ಹಿಮದ ಅಂಕಿಗಳನ್ನು ಕೊನೆಯಲ್ಲಿ ಮುಟ್ಟಿ, ಅದೂ ಬೇಕಿದ್ದರೆ.

ಕೆಟ್ಟಿದೆಯೋ, ಮಾಡೇ ಇಲ್ಲವೋ?

ಮುಗಿಯದ ಗೇಮ್‌ನಲ್ಲಿ ಇದು ಮೊದಲ ಪ್ರಶ್ನೆ. ಪರದೆಯ ಮೂಲೆಯಲ್ಲಿ ಗಾಳಿಯ ಬಾಣ ತಿರುಗುತ್ತದೆ, ಆದರೆ ಸ್ಕೀಯರ್ ಮೇಲೆ ಬೀಸುವ ಗಾಳಿಯ ಬಲ ಬೀಳುವುದಿಲ್ಲ. ಅದು ಬಗ್ ಅಲ್ಲ, ಆ ಭಾಗ ನಾನು ಬರೆದೇ ಇಲ್ಲ. ಹಿಮಕುಸಿತಕ್ಕೆ ಸದ್ದು ಮಾತ್ರ ಇದೆ. ನಕ್ಷೆಯಲ್ಲಿ ನೀಲಿ ಬಣ್ಣದ ಮಂಜುಗಡ್ಡೆಯ ಪಟ್ಟಿಗಳಿವೆ, ಅವು ಬರೀ ಬಣ್ಣ. ಘರ್ಷಣೆ ಅಲ್ಲೂ ಪಕ್ಕದ ಹಿಮದ್ದೇ. ಒಬ್ಬ ಗೆಳೆಯ ಈ ಮಂಜುಗಡ್ಡೆ ಯಾಕೆ ಜಾರುತ್ತಿಲ್ಲ ಅಂತ ಒಂದು ಸಂಜೆ ಪೂರ್ತಿ ಹುಡುಕಿದ. ಪಾಪ.

ಅದಕ್ಕೇ ಈಗ ಸೆಟ್ಟಿಂಗ್ಸ್ ಫೈಲಿನಲ್ಲಿ ಪ್ರತಿ ಅರೆಬರೆ ಭಾಗಕ್ಕೂ ಒಂದೊಂದು ಸ್ವಿಚ್ ಇಟ್ಟಿದ್ದೇನೆ. ದೋಷ ಹುಡುಕಲು ಕೂರುವ ಮುಂಚೆ ಎಲ್ಲವನ್ನೂ ಆಫ್ ಮಾಡಿ. ಆಫ್ ಮಾಡಿದ ಮೇಲೂ ತೊಂದರೆ ಉಳಿದರೆ ಮಾತ್ರ ಮುಂದೆ ಓದಿ.

ಹಲಗೆ ಪರೀಕ್ಷೆ

ಬೆಟ್ಟದ ಮೇಲೆ ದೋಷ ಹುಡುಕಬೇಡಿ. ಬೆಟ್ಟದಲ್ಲಿ ಎಲ್ಲವೂ ಒಟ್ಟಿಗೆ ನಡೆಯುತ್ತದೆ, ಯಾವುದು ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಗೇಮ್‌ನಲ್ಲಿ 'ಹಲಗೆ' ಅನ್ನುವ ಒಂದು ನಕ್ಷೆ ಇದೆ. 20 ಡಿಗ್ರಿ ಇಳಿಜಾರಿನ, ಒಂದು ಚೂರೂ ಏರುತಗ್ಗಿಲ್ಲದ, ಉದ್ದನೆಯ ಹಲಗೆ. ಸ್ಕೀಯರ್‌ನನ್ನು ಮೇಲೆ ನಿಲ್ಲಿಸಿ, ಯಾವ ಕೀಯನ್ನೂ ಒತ್ತದೆ ಬಿಟ್ಟುಬಿಡಿ. ಇಲ್ಲಿ ಉತ್ತರವನ್ನು ಕಾಗದದ ಮೇಲೇ ಲೆಕ್ಕ ಹಾಕಬಹುದು. ಅದೇ ಇದರ ಲಾಭ.

ಲೆಕ್ಕ ಹೀಗೆ. ಗುರುತ್ವ 9.81. ಇಳಿಜಾರಿನ ದಿಕ್ಕಿನಲ್ಲಿ ಅದರ ಪಾಲು 20 ಡಿಗ್ರಿಯ ಸೈನ್‌ನಷ್ಟು, ಅಂದರೆ ಸುಮಾರು 3.36. ಹಿಮದ ಘರ್ಷಣೆ 0.05 ಅಂತ ಹಿಡಿದರೆ ಅದು 0.46 ಕಳೆಯುತ್ತದೆ. ಉಳಿಯುವುದು 2.9ರಷ್ಟು ವೇಗವರ್ಧನೆ, ಅಂದರೆ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 2.9 ಮೀಟರ್‌ನಷ್ಟು ಏರುತ್ತದೆ. ಇದಕ್ಕೆ ಎದುರಾಗಿ ಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುತ್ತದೆ. 80 ಕಿಲೋ ತೂಕದ, ನೆಟ್ಟಗೆ ನಿಂತ ಸ್ಕೀಯರ್‌ಗೆ ತಡೆಯ ಗುಣಾಂಕ ಮತ್ತು ಎದುರಿನ ವಿಸ್ತೀರ್ಣ ಎರಡನ್ನೂ ಗುಣಿಸಿ 0.5 ಚದರ ಮೀಟರ್, ಗಾಳಿಯ ಸಾಂದ್ರತೆ 1.2 ಅಂತ ನನ್ನ ಕೋಡಿನಲ್ಲಿದೆ. ಹಾಗಾದರೆ ವೇಗ ಸೆಕೆಂಡಿಗೆ 27.8 ಮೀಟರ್ ತಲುಪಿ ಅಲ್ಲೇ ನಿಲ್ಲಬೇಕು. ಗಂಟೆಗೆ 100 ಕಿ.ಮೀ. ಲೆಕ್ಕ ಇಷ್ಟು ದುಂಡಗೆ ಬಂದದ್ದು ಕಾಕತಾಳೀಯ, ಆದರೆ ನೆನಪಿಡಲು ಸುಲಭವಾಯಿತು.

ಬರೀ ಕೊನೆಯ ವೇಗ ನೋಡಿ ಸರಿ ಅಂದುಕೊಳ್ಳಬೇಡಿ. ದಾರಿಯಲ್ಲೂ ನೋಡಿ. ಒಂದು ಸೆಕೆಂಡ್ ಆದಾಗ 2.9, ಹತ್ತು ಸೆಕೆಂಡ್ ಆದಾಗ 21.6 ಮೀಟರ್ ವೇಗ ಇರಬೇಕು. 30 ಸೆಕೆಂಡ್ ಹೊತ್ತಿಗೆ 27.7. ಈ ಮೂರು ಅಂಕಿ ಲಾಗ್‌ನಲ್ಲಿ, ಅಂದರೆ ಗೇಮ್ ಬರೆದಿಡುವ ದಾಖಲೆಯಲ್ಲಿ, ಬಂದರೆ ಗುರುತ್ವ, ಘರ್ಷಣೆ, ಗಾಳಿಯ ತಡೆ ಮೂರೂ ಸರಿ ಇವೆ. ಅವುಗಳ ತಂಟೆಗೆ ಮತ್ತೆ ಹೋಗಬೇಕಾಗಿಲ್ಲ. ಮೊದಲ ಅಂಕಿಯೇ ತಪ್ಪಿದರೆ ಗುರುತ್ವವನ್ನೋ ಘರ್ಷಣೆಯನ್ನೋ ನೋಡಿ. ಮೊದಲನೆಯದು ಸರಿಯಿದ್ದು ಕೊನೆಯದು ತಪ್ಪಿದರೆ ಗಾಳಿಯ ತಡೆ ನೋಡಿ. ಸ್ಕೀಯರ್ ಬಗ್ಗಿ ಕೂತಾಗ 0.5 ಹೋಗಿ 0.2 ಆಗುತ್ತದೆ. ಆಗ ಕೊನೆಯ ವೇಗ ಗಂಟೆಗೆ 158 ಕಿ.ಮೀ. ಹತ್ತಿರ ಬರುತ್ತದೆ. ಬಗ್ಗಿದ ಕೀ ಸಿಕ್ಕಿಕೊಂಡಿರುವ ದೋಷವೂ ಒಮ್ಮೆ ಹೀಗೇ ಸಿಕ್ಕಿತು.

ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ವೇಗ

'ನಿನ್ನ ಸ್ಕೀಯರ್ ಮಲಗಿಬಿಟ್ಟಿದ್ದಾನಾ? ಓಡ್ತಾನೇ ಇಲ್ಲ' ಅಂತ ಗೆಳೆಯನ ಮೆಸೇಜು ಬಂತು. ನನ್ನ ಹತ್ತಿರ ಚೆನ್ನಾಗಿ ಓಡುತ್ತಿತ್ತು. ಅವನ ಮಾನಿಟರ್ ಸೆಕೆಂಡಿಗೆ 144 ಫ್ರೇಮ್ ತೋರಿಸುವಂಥದ್ದು, ನನ್ನದು 60. ಫ್ರೇಮ್ ಅಂದರೆ ಪರದೆಯ ಮೇಲೆ ಬರುವ ಒಂದು ಚಿತ್ರ. ದೋಷ ಅಲ್ಲೇ ಇತ್ತು.

ಗಾಳಿಯ ತಡೆ ಸರಿಯಾಗಿ ಬರೆಯುವ ಮುಂಚೆ ತಾತ್ಕಾಲಿಕವಾಗಿ ಒಂದು ಸಾಲು ಹಾಕಿದ್ದೆ: ಪ್ರತಿ ಫ್ರೇಮ್‌ಗೂ ವೇಗವನ್ನು 0.98ರಿಂದ ಗುಣಿಸು. ನೋಡಲು ಏನೂ ಅಪಾಯವಿಲ್ಲದ ಸಾಲು. ಆದರೆ 30 ಫ್ರೇಮ್‌ನಲ್ಲಿ ಒಂದು ಸೆಕೆಂಡ್ ಕಳೆದಾಗ ವೇಗದ 55 ಶೇಕಡಾ ಉಳಿಯುತ್ತದೆ. 60ರಲ್ಲಿ 30 ಶೇಕಡಾ. 144ರಲ್ಲಿ ಐದೂವರೆ ಶೇಕಡಾ! ಒಂದೇ ಹಿಮ, ಒಂದೇ ಬೆಟ್ಟ, ಮಾನಿಟರ್ ಬದಲಾದರೆ ಬೇರೆ ಗೇಮ್. ತಾತ್ಕಾಲಿಕ ಅಂತ ಬರೆದ ಸಾಲುಗಳಷ್ಟು ಆಯುಸ್ಸು ಬೇರೆ ಯಾವ ಸಾಲಿಗೂ ಇರುವುದಿಲ್ಲ.

ಪರೀಕ್ಷೆ ಸುಲಭ. ಹಲಗೆ ನಕ್ಷೆಯನ್ನು 30, 60, 144 ಮೂರರಲ್ಲೂ ಓಡಿಸಿ. ಹತ್ತನೇ ಸೆಕೆಂಡಿನ ವೇಗ ಮೂರರಲ್ಲೂ ಒಂದೇ ಇರಬೇಕು. ಇಲ್ಲವಾದರೆ ಕೋಡಿನಲ್ಲಿ ಎಲ್ಲೋ ಸಮಯದಿಂದ ಗುಣಿಸುವುದು ಬಿಟ್ಟುಹೋಗಿದೆ, ಅಥವಾ ಎರಡು ಸಲ ಗುಣಿಸಿದೆ. ಗುಣಿಸಿ ಕಡಿಮೆ ಮಾಡುವ ಜಾಗದಲ್ಲಿ ಬರೀ ಸಮಯದಿಂದ ಗುಣಿಸಿದರೂ ಸಾಲದು, ಘಾತದ ರೂಪ ಬೇಕು. 60ರಲ್ಲಿ 0.98 ಕೊಡುವ ಅನುಭವವೇ ಬೇಕಿದ್ದರೆ, ಮೈನಸ್ 1.21 ಗುಣಿಸು ಹಿಂದಿನ ಫ್ರೇಮ್‌ನಿಂದ ಈಚೆಗೆ ಆದ ಸಮಯ (ಸೆಕೆಂಡಿನಲ್ಲಿ), ಅದರ ಎಕ್ಸ್‌ಪೊನೆನ್ಷಿಯಲ್ ತೆಗೆದುಕೊಂಡು ಗುಣಿಸಿ. ಆಗ ಫ್ರೇಮ್ ಎಷ್ಟಿದ್ದರೂ ಫಲ ಒಂದೇ.

ಇದಕ್ಕಿಂತ ಗಟ್ಟಿ ದಾರಿ ಚಲನೆಯ ಲೆಕ್ಕವನ್ನು ಫ್ರೇಮ್‌ನಿಂದ ಬಿಡಿಸಿ ನಿಗದಿತ ಟಿಕ್‌ನಲ್ಲಿ ನಡೆಸುವುದು. ಟಿಕ್ ಅಂದರೆ ಲೆಕ್ಕದ ಒಂದು ಹೆಜ್ಜೆ. ಗೇಮ್ ಕಟ್ಟಲು ಸಿದ್ಧವಾಗಿ ಸಿಗುವ ಎಂಜಿನ್‌ಗಳ ಪೈಕಿ ಗೊಡೊದಲ್ಲಿ ಮೊದಲೇ ಸೆಕೆಂಡಿಗೆ 60 ಟಿಕ್ ಇರುತ್ತದೆ, ಯೂನಿಟಿಯಲ್ಲಿ 0.02 ಸೆಕೆಂಡಿಗೊಂದು, ಅಂದರೆ 50. ನಾನು ಲೂಪ್, ಅಂದರೆ ಟಿಕ್‌ಗಳನ್ನು ಮತ್ತೆ ಮತ್ತೆ ನಡೆಸುವ ಕೋಡ್, ಕೈಯಾರೆ ಬರೆದು 60 ಇಟ್ಟೆ. ಕೈಯಾರೆ ಬರೆಯುವವರು ಒಂದು ಮಿತಿ ಮರೆಯಬಾರದು. ಏನೋ ಕಾರಣಕ್ಕೆ ಒಂದು ಫ್ರೇಮ್ ಎರಡು ಸೆಕೆಂಡ್ ತಡವಾಯಿತು ಅನ್ನಿ. ಲೂಪ್ 120 ಟಿಕ್ ಬಾಕಿ ತೀರಿಸಲು ಹೋಗುತ್ತದೆ, ಅದರಿಂದ ಮುಂದಿನ ಫ್ರೇಮ್ ಇನ್ನೂ ತಡ, ಬಾಕಿ ಇನ್ನೂ ಜಾಸ್ತಿ. ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಗೇಮ್ ಅಲ್ಲಿಗೇ ಗಂಟು ಬೀಳುತ್ತದೆ. ಬಾಕಿ ಎಷ್ಟೇ ಇರಲಿ, ಒಂದು ಫ್ರೇಮ್‌ಗೆ ಕಾಲು ಸೆಕೆಂಡಿಗಿಂತ ಜಾಸ್ತಿ ತೀರಿಸಬೇಡ ಅಂತ ಕಟ್ಟು ಹಾಕಿ.

ಹಲಗೆಯಲ್ಲಿ ಸರಿ, ಬೆಟ್ಟದಲ್ಲಿ ತಪ್ಪು

ಈಗ ಮುಖ್ಯ ವಿಷಯಕ್ಕೆ ಬಂದೆವು. ನನ್ನ ಎರಡು ವಾರ ತಿಂದದ್ದು ಇದೇ.

ಲಕ್ಷಣ ಮೂರು. ಸ್ಕೀಯರ್ ಜಾಸ್ತಿ ಜಾರುತ್ತಾನೆ. ತಿರುಗುವ ಕೀ ಒಮ್ಮೊಮ್ಮೆ ಕೇಳುತ್ತದೆ, ಒಮ್ಮೊಮ್ಮೆ ಇಲ್ಲ. ಹಿಮ ಉಜ್ಜುವ ಸದ್ದು ತುಂಡು ತುಂಡಾಗಿ ಬರುತ್ತದೆ. ಇವು ಮೂರು ಬೇರೆ ಬೇರೆ ಬಗ್ ಅಂತ ನಾನು ಪಟ್ಟಿ ಮಾಡಿಕೊಂಡಿದ್ದೆ. ಸದ್ದಿನದ್ದಂತೂ ಸ್ಪೀಕರ್ ತೊಂದರೆ ಅಂದುಕೊಂಡು ಪಟ್ಟಿಯ ತಳಕ್ಕೆ ತಳ್ಳಿದ್ದೆ. ನಿಜ ಹೇಳಬೇಕೆಂದರೆ ಮೂರರಲ್ಲಿ ಸರಿಯಾದ ಸುಳಿವು ಅದೊಂದೇ. ಸದ್ದು ಬರುವುದು 'ನೆಲದ ಮೇಲಿದ್ದಾನೆ' ಅನ್ನುವ ಫ್ಲ್ಯಾಗ್ (ಕೋಡಿನಲ್ಲಿ ಹೌದು ಅಥವಾ ಇಲ್ಲ ಅಂತ ಇಡುವ ಗುರುತು) ಹೌದು ಅಂದಾಗ ಮಾತ್ರ. ಘರ್ಷಣೆಯೂ ತಿರುವೂ ಅದೇ ಫ್ಲ್ಯಾಗ್‌ಗೆ ಕಟ್ಟುಬಿದ್ದಿವೆ. ಸದ್ದು ತುಂಡಾಗುತ್ತಿದೆ ಅಂದರೆ ಫ್ಲ್ಯಾಗ್ ಮಿಟುಕುತ್ತಿದೆ ಅಂತ ಅರ್ಥ.

ನೋಡುವ ಬಗೆ: ಆ ಫ್ಲ್ಯಾಗ್ ಹೌದು ಇದ್ದಾಗ ಸ್ಕೀಯರ್‌ಗೆ ಹಸಿರು ಬಣ್ಣ, ಇಲ್ಲದಾಗ ಕೆಂಪು ಬಣ್ಣ ಕೊಡಿ. ನಾನು ಹೀಗೆ ಮಾಡಿ ಬೆಟ್ಟದ ಮೇಲೆ ಬಿಟ್ಟ ತಕ್ಷಣ ಸ್ಕೀಯರ್ ಹಬ್ಬದ ಸೀರಿಯಲ್ ಲೈಟಿನ ಹಾಗೆ ಮಿನುಗತೊಡಗಿದ. ಎರಡು ವಾರದ ತಲೆನೋವು ಎರಡು ಸೆಕೆಂಡಿನಲ್ಲಿ ಕಣ್ಣಿಗೆ ಕಂಡಿತು.

ಯಾಕೆ ಮಿಟುಕುತ್ತದೆ? ಬೆಟ್ಟದ ಎತ್ತರ ಒಂದು ಕಪ್ಪು ಬಿಳುಪು ಚಿತ್ರದಲ್ಲಿದೆ, ಅದಕ್ಕೆ ಹೈಟ್‌ಮ್ಯಾಪ್ ಅನ್ನುತ್ತಾರೆ. ಬೂದು ಬಣ್ಣ ಬಿಳಿಯ ಕಡೆ ಹೋದಷ್ಟೂ ಎತ್ತರ. ನನ್ನ ಚಿತ್ರ 8 ಬಿಟ್‌ನದ್ದು. ಅಂದರೆ ಒಟ್ಟು 256 ಮಟ್ಟ. ಬೆಟ್ಟದ ಎತ್ತರ 500 ಮೀಟರ್. ಭಾಗಿಸಿ ನೋಡಿ: ಒಂದು ಮಟ್ಟದಿಂದ ಇನ್ನೊಂದಕ್ಕೆ ಸುಮಾರು ಎರಡು ಮೀಟರ್! ನಾನು ಮಾಡಿದ್ದು ಇಳಿಜಾರಲ್ಲ, ಮೆಟ್ಟಿಲು. ಮೆಟ್ಟಿಲು ಕಾಣದಿರಲಿ ಅಂತ ಚಿತ್ರವನ್ನು ಮಸುಕು ಮಾಡಿದ್ದೆ, ಹಾಗಾಗಿ ಕಣ್ಣಿಗೆ ನುಣ್ಣಗೇ ಕಾಣುತ್ತಿತ್ತು. ಸ್ಕೀಯರ್‌ಗೆ ಮಾತ್ರ ಐದಾರು ಮೀಟರಿಗೊಂದು ಉಬ್ಬು.

ಉಬ್ಬು ಏನು ಮಾಡುತ್ತದೆ ಅಂತ ಲೆಕ್ಕ ಹಾಕೋಣ. ಸ್ಕೀಯರ್ ಸೆಕೆಂಡಿಗೆ 25 ಮೀಟರ್ ವೇಗದಲ್ಲಿದ್ದಾನೆ. ಒಂದು ಅಂಚಿನಲ್ಲಿ ನೆಲ ಎರಡೇ ಡಿಗ್ರಿ ಜಾಸ್ತಿ ಇಳಿಯಿತು. ಸ್ಕೀಯರ್ ಹಳೆಯ ದಿಕ್ಕಿನಲ್ಲೇ ಹೋಗುತ್ತಾನೆ, ನೆಲದಿಂದ ಸೆಕೆಂಡಿಗೆ 0.87 ಮೀಟರ್‌ನಂತೆ ದೂರವಾಗುತ್ತಾನೆ. ಗುರುತ್ವ ಅವನನ್ನು ಮತ್ತೆ ನೆಲಕ್ಕೆ ತರಲು 0.19 ಸೆಕೆಂಡ್ ಬೇಕು. ಅಷ್ಟರಲ್ಲಿ 11 ಟಿಕ್ ಕಳೆದಿರುತ್ತದೆ, 4.7 ಮೀಟರ್ ದಾಟಿರುತ್ತಾನೆ. ಮುಂದಿನ ಉಬ್ಬು ಕಾದೇ ಇದೆ. ಹೀಗೆ ಪುಟಿಯುತ್ತಾ ಪುಟಿಯುತ್ತಾ ಇಳಿಯುತ್ತಾನೆ, ನೋಡುವವರಿಗೆ ಜಾರಿದ ಹಾಗೆ ಕಾಣುತ್ತದೆ.

ಚಿತ್ರವನ್ನು 16 ಬಿಟ್ ಮಾಡಿದೆ. ಈಗ 65,536 ಮಟ್ಟ, ಒಂದೊಂದು ಏಳೂವರೆ ಮಿಲಿಮೀಟರ್. ಸ್ಕೀಯರ್ ಜಾಸ್ತಿ ಹೊತ್ತು ಹಸಿರಾದ. ಗೆದ್ದೆ ಅಂದುಕೊಂಡು ಮಲಗಿದೆ. ಮಾರನೇ ದಿನ ನೋಡಿದರೆ ಮಿನುಗು ಪೂರ್ತಿ ಹೋಗಿಲ್ಲ. ಮತ್ತೆ ಲೆಕ್ಕ. ನನ್ನ ನೆಲದ ಚೌಕಗಳು ಎರಡು ಮೀಟರ್ ಅಗಲದವು. ಎರಡು ಮೀಟರಿಗೆ ಏಳೂವರೆ ಮಿಲಿಮೀಟರ್ ವ್ಯತ್ಯಾಸ ಅಂದರೆ 0.2 ಡಿಗ್ರಿ ಚಿಲ್ಲರೆ. 25 ಮೀಟರ್ ವೇಗದಲ್ಲಿ ಅಷ್ಟು ಸಾಕು, 0.02 ಸೆಕೆಂಡ್ ಗಾಳಿಯಲ್ಲಿರುತ್ತಾನೆ. ಒಂದು ಟಿಕ್‌ಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಚಿತ್ರ ಎಷ್ಟೇ ನುಣುಪು ಮಾಡಿದರೂ ತ್ರಿಕೋನಗಳಿಂದ ಕಟ್ಟಿದ ನೆಲದಲ್ಲಿ ಒಂದೊಂದು ಟಿಕ್ ತಪ್ಪಿಯೇ ತಪ್ಪುತ್ತದೆ. ಫ್ಲ್ಯಾಗ್ ತೀರ್ಮಾನಿಸುವ ರೀತಿಯೇ ಬದಲಾಗಬೇಕು.

ನಿಜವಾದ ಹಿಮ ಮೆತ್ತಗಿರುತ್ತದೆ, ಸ್ಕೀ ಅದರಲ್ಲಿ ಸ್ವಲ್ಪ ಹೂತುಕೊಳ್ಳುತ್ತದೆ, ಕಾಲಿನ ಮಂಡಿ ಬಾಗಿ ಉಬ್ಬನ್ನು ನುಂಗುತ್ತದೆ. ನನ್ನ ಸ್ಕೀಯರ್ ಮರದ ಗೊಂಬೆ, ಅವನ ನೆಲ ಗಾಜು. ಆದ್ದರಿಂದ ಮೂರು ಬದಲಾವಣೆ ಮಾಡಿದೆ. ನೆಲದಿಂದ ಐದು ಸೆಂಟಿಮೀಟರ್ ಒಳಗಿದ್ದರೆ ನೆಲದ ಮೇಲೇ ಇದ್ದಾನೆ ಅಂತ ಲೆಕ್ಕ, ಮೆಲ್ಲಗೆ ಕೆಳಗೆ ಎಳೆದುಕೊಳ್ಳುವುದು. ನೆಲದ ಎತ್ತರವನ್ನು ಒಂದು ಬಿಂದುವಿನಲ್ಲಿ ನೋಡುವ ಬದಲು ಸ್ಕೀಯ ಮೂತಿ ಮತ್ತು ಬಾಲ ಎರಡರ ಕೆಳಗೂ ನೋಡಿ, ಆ ಎರಡನ್ನು ಸೇರಿಸುವ ಗೆರೆಯನ್ನೇ ಇಳಿಜಾರು ಅಂತ ತೆಗೆದುಕೊಳ್ಳುವುದು. ಸ್ಕೀ ಸುಮಾರು 1.7 ಮೀಟರ್ ಉದ್ದ, ಸಣ್ಣ ಉಬ್ಬುಗಳು ಅದರಡಿ ತಾವಾಗಿಯೇ ಮುಚ್ಚಿಹೋಗುತ್ತವೆ. ಮೂರನೆಯದು, ನೆಲ ತಪ್ಪಿದ ಮೇಲೂ 0.1 ಸೆಕೆಂಡ್, ಅಂದರೆ ಆರು ಟಿಕ್, ತಿರುಗುವ ಕೀಯನ್ನು ಕೇಳಿಸಿಕೊಳ್ಳುವುದು.

ಆದರೆ ಇಲ್ಲೊಂದು ಹಳ್ಳ ಇದೆ, ಬೀಳಬೇಡಿ. ಕೆಳಗೆ ಎಳೆಯುವುದನ್ನು ಜಾಸ್ತಿ ಮಾಡಿದರೆ ಸ್ಕೀಯರ್ ದಿಬ್ಬದಿಂದ ಹಾರುವುದೇ ಇಲ್ಲ, ಹಲ್ಲಿಯ ಹಾಗೆ ಅಂಟಿಕೊಂಡು ಇಳಿಯುತ್ತಾನೆ. ನಿಜವಾದ ಹಾರಾಟ ಯಾವುದು, ಸುಳ್ಳು ಹಾರಾಟ ಯಾವುದು ಅಂತ ಬೇರೆ ಮಾಡಬೇಕು. ಇದಕ್ಕೂ ಲೆಕ್ಕ ಇದೆ. ದಿಬ್ಬದ ಬಾಗುವಿಕೆಯ ತ್ರಿಜ್ಯದಿಂದ ವೇಗದ ವರ್ಗವನ್ನು ಭಾಗಿಸಿ. ಅದು ನೆಲಕ್ಕೆ ಒತ್ತುವ ಗುರುತ್ವದ ಪಾಲಿಗಿಂತ ಜಾಸ್ತಿಯಾದರೆ ಸ್ಕೀಯರ್ ಹಾರಲೇಬೇಕು. ಸುಮಾರು 20 ಡಿಗ್ರಿ ಇಳಿಜಾರಿನಲ್ಲಿ ಆ ಪಾಲು 9.2. ದಿಬ್ಬದ ತ್ರಿಜ್ಯ 40 ಮೀಟರ್ ಇದ್ದು ವೇಗ 20 ಇದ್ದರೆ 10 ಬರುತ್ತದೆ, ಹಾರುತ್ತಾನೆ. ವೇಗ 15 ಇದ್ದರೆ 5.6, ಹಾರಬಾರದು. ಸ್ವಿಚ್‌ಗಳ ಫೈಲಿನ ಪಕ್ಕದಲ್ಲೇ 'ದಿಬ್ಬ' ಅಂತ ಒಂದು ನಕ್ಷೆ ಇದೆ, ತ್ರಿಜ್ಯ ಸರಿಯಾಗಿ 40. ಅದರ ಮೇಲೆ ಎರಡೂ ವೇಗದಲ್ಲಿ ಬಿಟ್ಟು ನೋಡಿ. ಕೋಡಿನಲ್ಲಿ ನಾನು ಇಟ್ಟ ಗಡಿ ಒರಟು: ನೆಲದಿಂದ ದೂರವಾಗುವ ವೇಗ ಸೆಕೆಂಡಿಗೆ ಒಂದು ಮೀಟರ್ ಮೀರಿದರೆ ಎಳೆಯಬೇಡ, ಬಿಟ್ಟುಬಿಡು. ಇನ್ನೂ ನಯವಾದ ಉಪಾಯ ಹೊಳೆದರೆ ದಯವಿಟ್ಟು ಹಾಕಿ.

ಇದೆಲ್ಲ ಆದಮೇಲೆ ಘರ್ಷಣೆಯನ್ನು ಮತ್ತೆ 0.05ಕ್ಕೆ ತಂದೆ. ಬೆಟ್ಟ ಮೊದಲ ಸಲ ಹಿಮದ ಹಾಗೆ ಅನ್ನಿಸಿತು.

ತಿರುವಿನಲ್ಲಿ ಸೋಪಿನ ತುಂಡು

ಫ್ಲ್ಯಾಗ್ ಪೂರ್ತಿ ಹಸಿರಿದ್ದು ತಿರುವು ಮಾತ್ರ ಕೆಟ್ಟಿದ್ದರೆ ಇಲ್ಲಿ ನೋಡಿ. ವೇಗವನ್ನು ಎರಡಾಗಿ ಒಡೆಯಿರಿ: ಸ್ಕೀಯ ಉದ್ದಕ್ಕೆ ಎಷ್ಟು, ಅಡ್ಡಕ್ಕೆ ಎಷ್ಟು. ಉದ್ದಕ್ಕೆ ಘರ್ಷಣೆ ತೀರಾ ಕಮ್ಮಿ, ಅಡ್ಡಕ್ಕೆ ಬಹಳ ಜಾಸ್ತಿ. ಎರಡಕ್ಕೂ ಒಂದೇ ಅಂಕಿ ಹಾಕಿದರೆ ಸ್ಕೀಯರ್ ಒದ್ದೆ ಸೋಪಿನ ಹಾಗೆ ಮುಖ ಒಂದು ಕಡೆ, ಮೈ ಒಂದು ಕಡೆ ಹೋಗುತ್ತಾನೆ.

ತಿರುವಿನ ಅಗಲ ಎಷ್ಟಿರಬೇಕು ಅನ್ನುವುದಕ್ಕೂ ಅಂದಾಜು ಸಾಕು. ಸ್ಕೀಯ ಬದಿ ಸೊಂಟದ ಹಾಗೆ ಒಳಗೆ ಬಾಗಿರುತ್ತದೆ. ಆ ಬಾಗಿನ ತ್ರಿಜ್ಯವನ್ನು ಸ್ಕೀ ವಾಲಿದ ಕೋನದ ಕೊಸೈನ್‌ನಿಂದ ಗುಣಿಸಿದರೆ ತಿರುವಿನ ತ್ರಿಜ್ಯ ಸಿಗುತ್ತದೆ. ಸ್ಲಾಲಮ್ ಸ್ಕೀಗೆ (ಹತ್ತಿರ ಹತ್ತಿರದ ಕಂಬಗಳ ನಡುವೆ ತಿರುಗುವ ಸ್ಪರ್ಧೆಯ ಸ್ಕೀ) 13 ಮೀಟರ್ ಅಂತ ಹಿಡಿಯಿರಿ. 60 ಡಿಗ್ರಿ ವಾಲಿಸಿದರೆ ತಿರುವು ಆರೂವರೆ ಮೀಟರ್. ಗೇಮ್‌ನಲ್ಲಿ ಇದರ ದುಪ್ಪಟ್ಟು ಬಂದರೆ ಕೋನವನ್ನು ಡಿಗ್ರಿಯಲ್ಲಿ ಕೊಟ್ಟು ರೇಡಿಯನ್ ಅಂತ ಓದಿಸಿದ್ದೀರಾ ನೋಡಿ. ಸುಮ್ನೆ ಹೇಳುತ್ತಿಲ್ಲ, ನಾನು ಮಾಡಿದ್ದೇನೆ. 60 ರೇಡಿಯನ್‌ನ ಕೊಸೈನ್ ಮೈನಸ್ 0.95. ಸ್ಕೀಯರ್ ಎಡಕ್ಕೆ ಒತ್ತಿದರೆ ಬಲಕ್ಕೆ, ಅದೂ ಅಗಲವಾಗಿ ತಿರುಗುತ್ತಿದ್ದ. ಕೀಬೋರ್ಡ್ ಕೀಗಳು ಅದಲು ಬದಲಾಗಿವೆ ಅಂತ ಅವನ್ನೇ ತಿರುಗಿಸಿ ಹಾಕಿದ್ದೆ! ಆಮೇಲೆ 30 ಡಿಗ್ರಿ ವಾಲಿಸಿದಾಗ ದಿಕ್ಕು ಮತ್ತೆ ಉಲ್ಟಾ. 30 ರೇಡಿಯನ್‌ನ ಕೊಸೈನ್ 0.15, ಪ್ಲಸ್.

ಇನ್ನೊಂದು ಮೋಸದ ದೋಷ ಇದೆ. ತಿರುವಿನಲ್ಲಿ ಸ್ಕೀಯರ್ ತಾನಾಗಿಯೇ ವೇಗ ಪಡೆಯುತ್ತಾನೆ. ಅಡ್ಡ ಬಲವನ್ನು ಪ್ರತಿ ಟಿಕ್‌ನಲ್ಲೂ ವೇಗಕ್ಕೆ ಸುಮ್ನೆ ಕೂಡಿಸಿದರೆ ವೇಗವನ್ನು ತೋರಿಸುವ ಬಾಣದ ಉದ್ದ ಚೂರು ಚೂರೇ ಬೆಳೆಯುತ್ತದೆ. ಲಂಬವಾಗಿ ಕೂಡಿಸಿದರೆ ಕರ್ಣ ಉದ್ದವಾಗಲೇಬೇಕಲ್ವಾ? ವೇಗ 15, ಅಡ್ಡ ವೇಗವರ್ಧನೆ 20 ಇದ್ದಾಗ ಸೆಕೆಂಡಿಗೆ ಒಂದೂವರೆ ಶೇಕಡಾ ಪುಕ್ಕಟೆ ವೇಗ. ಸಪಾಟು ಜಾಗದಲ್ಲಿ ಘರ್ಷಣೆ ಸೊನ್ನೆ ಮಾಡಿ ಸುತ್ತು ಹೊಡೆಸಿ, ವೇಗ ಏರಿದರೆ ಇದೇ. ಕೂಡಿಸುವ ಬದಲು ವೇಗದ ಬಾಣವನ್ನೇ ಆ ಕೋನಕ್ಕೆ ತಿರುಗಿಸಿ, ಉದ್ದ ಮುಟ್ಟಬೇಡಿ.

ನಿಂತ ಸ್ಕೀಯರ್ ನಡುಗುತ್ತಿದ್ದರೆ ಘರ್ಷಣೆ ವೇಗವನ್ನು ಸೊನ್ನೆಯಿಂದ ಆಚೆಗೂ ತಳ್ಳುತ್ತಿದೆ. ಒಂದು ಟಿಕ್‌ನಲ್ಲಿ ಘರ್ಷಣೆ ಕಳೆಯುವಷ್ಟು ವೇಗ ಉಳಿದಿಲ್ಲದಿದ್ದರೆ ನೇರ ಸೊನ್ನೆ ಮಾಡಿಬಿಡಿ. ಅಷ್ಟೇ.

ಉಳಿದ ಸಣ್ಣಪುಟ್ಟವು

ಮರದೊಳಗಿಂದ ತೂರಿ ಹೋಗುವುದು: 25 ಮೀಟರ್ ವೇಗದಲ್ಲಿ ಒಂದು ಟಿಕ್‌ಗೆ 42 ಸೆಂಟಿಮೀಟರ್ ಜರುಗುತ್ತಾನೆ. ನನ್ನ ಮರದ ಕಾಂಡ 40. ಈ ಟಿಕ್‌ನಲ್ಲಿ ಮರದ ಈಚೆ, ಮುಂದಿನ ಟಿಕ್‌ನಲ್ಲಿ ಆಚೆ. ಎರಡು ಜಾಗದ ನಡುವಿನ ಇಡೀ ಗೆರೆಯನ್ನು ಪರೀಕ್ಷಿಸಿ.

ವೇಗ ಹುಚ್ಚಾಪಟ್ಟೆ ಏರುವುದು: ವೇಗದ ಸ್ಕೀಯಿಂಗ್‌ನ ವಿಶ್ವದಾಖಲೆ ಫ್ರಾನ್ಸಿನ ಸಿಮೋನ್ ಬಿಲಿ 2023ರಲ್ಲಿ ವಾರ್ಸ್‌ನಲ್ಲಿ ಮಾಡಿದ ಗಂಟೆಗೆ 255.5 ಕಿ.ಮೀ. ಅದು ಸೆಕೆಂಡಿಗೆ 71 ಮೀಟರ್. ಹಾಗಾಗಿ ವೇಗ 75 ದಾಟಿದ ಕ್ಷಣ ಗೇಮ್ ನಿಂತು, ಹಿಂದಿನ 120 ಟಿಕ್‌ಗಳ ಲಾಗ್ ಬರೆದಿಡುತ್ತದೆ. ಮೂರು ದೋಷ ಈ ಬಲೆಗೆ ಬಿದ್ದಿವೆ. ಮೂರೂ ಸಲ ಸ್ಕೀಯರ್ ನೆಲದೊಳಗೆ ಹೂತು, ನೆಲ ಅವನನ್ನು ಉಗಿದಿತ್ತು.

ಚಿತ್ರ ನಡುಗುವುದು: 144 ಫ್ರೇಮ್‌ನ ಮಾನಿಟರ್‌ಗೆ 60 ಟಿಕ್‌ನ ಜಾಗವನ್ನು ಹಾಗೇ ತೋರಿಸಿದರೆ ಕೆಲವು ಫ್ರೇಮ್‌ನಲ್ಲಿ ಸ್ಕೀಯರ್ ಕದಲುವುದೇ ಇಲ್ಲ. ಹಿಂದಿನ ಟಿಕ್ ಮತ್ತು ಈಗಿನ ಟಿಕ್‌ನ ನಡುವಿನ ಜಾಗ ಲೆಕ್ಕ ಹಾಕಿ ತೋರಿಸಿ. ಕ್ಯಾಮೆರಾಕ್ಕೂ ಅದೇ ಜಾಗ ಕೊಡಿ, ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಬಿಟ್ಟರೆ ನಡುಕ ಇನ್ನೂ ಜಾಸ್ತಿ.

ಕೊನೆಯಿಲ್ಲದ ಬೆಟ್ಟದಲ್ಲಿ ಬಹಳ ಹೊತ್ತಿನ ಮೇಲೆ ನಡುಗುವುದು: ಇದು ಬೇರೆಯೇ ರೋಗ. 32 ಬಿಟ್ ದಶಮಾಂಶ ಸಂಖ್ಯೆಗೆ ಮೂಲದಿಂದ, ಅಂದರೆ ನಕ್ಷೆಯ ಸೊನ್ನೆ ಬಿಂದುವಿನಿಂದ, 65 ಕಿ.ಮೀ. ಆಚೆ ಎಂಟು ಮಿಲಿಮೀಟರ್‌ಗಿಂತ ಸಣ್ಣ ವ್ಯತ್ಯಾಸ ಹಿಡಿಯಲು ಆಗುವುದಿಲ್ಲ. ಅಲ್ಲಿಗೆ ತಲುಪಲು ಮುಕ್ಕಾಲು ಗಂಟೆ ಹತ್ತಿರ ಆಡಬೇಕು. ಯಾರೂ ಆಡುವುದಿಲ್ಲ ಅಂದುಕೊಂಡಿದ್ದೆ, ಒಬ್ಬ ಆಡಿದ. ಪ್ರತಿ ಎರಡು ಕಿ.ಮೀ.ಗೆ ಇಡೀ ಪ್ರಪಂಚವನ್ನೇ ಹಿಂದಕ್ಕೆ ಜರುಗಿಸಿ ಸ್ಕೀಯರ್‌ನನ್ನು ಮತ್ತೆ ಮೂಲದ ಹತ್ತಿರ ತನ್ನಿ. ಅವನೇ ಯೆತಿ, ಅಂದರೆ ಹಿಮಮಾನವ, ಬೇಕು ಅಂತಲೂ ಕೇಳಿದ. 1991ರಲ್ಲಿ ಬಂದ ಸ್ಕೀಫ್ರೀ ಅನ್ನುವ ಕಂಪ್ಯೂಟರ್ ಗೇಮ್ ಆಡಿದವರೆಲ್ಲ ಕೇಳುವುದು ಅದನ್ನೇ. ಅಲ್ಲಿ ಯೆತಿಯಿಂದ ತಪ್ಪಿಸಿಕೊಳ್ಳಲು ವೇಗ ಹೆಚ್ಚಿಸುವ ಒಂದು ಕೀ ಇತ್ತು. ನನ್ನ ಗೇಮ್‌ನಲ್ಲಿ ಯೆತಿ ಇಲ್ಲ, ಪಟ್ಟಿಯಲ್ಲೂ ಇಲ್ಲ.

ಇನ್ನೂ ಸಿಗದ ಒಂದು

ದಿಬ್ಬದಿಂದ ಹಾರಿ, ಅರ್ಧ ಸುತ್ತು ತಿರುಗಿ, ಬೆನ್ನು ಮುಂದಾಗಿ ಇಳಿದರೆ ಕೆಲವೊಮ್ಮೆ ಸ್ಕೀಯರ್ ಒಂದೇ ಟಿಕ್‌ನಲ್ಲಿ ಗಕ್ಕನೆ ನಿಲ್ಲುತ್ತಾನೆ. ಯಾವಾಗಲೂ ಅಲ್ಲ. ಹಲಗೆ ನಕ್ಷೆಯಲ್ಲಿ ಒಮ್ಮೆಯೂ ಆಗಿಲ್ಲ. ದಿಬ್ಬ ನಕ್ಷೆಯಲ್ಲಿ ವೇಗ 20 ಇದ್ದು ಇಳಿಯುವಾಗ ಸ್ಕೀ ಹೋಗುವ ದಿಕ್ಕಿಗೆ 170ರಿಂದ 180 ಡಿಗ್ರಿ ಇದ್ದಾಗ ಆಗುತ್ತದೆ. 160ರಲ್ಲಿ ಆಗುವುದಿಲ್ಲ. ಮೂತಿ ಮತ್ತು ಬಾಲದ ಎತ್ತರ ನೋಡುವ ಕೋಡು ಯಾವುದು ಮುಂದು ಅಂತ ತಪ್ಪು ತಿಳಿಯುತ್ತಿದೆಯೇನೋ ಅನ್ನುವುದು ನನ್ನ ಗುಮಾನಿ. ಆದರೆ ಆ ಸಾಲುಗಳನ್ನು ಓದಿ ಓದಿ ನನ್ನ ಕಣ್ಣಿಗೆ ಎಲ್ಲವೂ ಸರಿಯಾಗೇ ಕಾಣತೊಡಗಿದೆ. ಬೇರೆ ಕಣ್ಣು ಬೇಕು. ರೀಪ್ಲೇ ಫೋಲ್ಡರಿನಲ್ಲಿ 'ಗಕ್ಕನೆ' ಅನ್ನುವ ಹೆಸರಿನ ನಾಲ್ಕು ಫೈಲ್ ಇಟ್ಟಿದ್ದೇನೆ. ನಾಲ್ಕರಲ್ಲೂ ಸ್ಕೀಯರ್ ನಿಲ್ಲುವ ಟಿಕ್‌ನ ನಂಬರು ಫೈಲಿನ ಹೆಸರಿನ ಕೊನೆಯಲ್ಲೇ ಇದೆ. ಅದಕ್ಕಿಂತ ಎರಡು ಟಿಕ್ ಹಿಂದಿನಿಂದ ನೋಡಲು ಶುರು ಮಾಡಿ.